ಗ್ಲಾಸು ಕೊಟ್ಟರೆ ಕೇಸು ಯಾರ ಮೇಲೆ?

ರಾರಾವಿಯ ಓದುಗರೇ, ಪಕ್ಕದ ಮದ್ಯದಂಗಡಿಯಲ್ಲಿ ಬಾಟಲಿ ಕೊಂಡವರಿಗೆ ನಿಮ್ಮ ಮಿರ್ಚಿ ಅಂಗಡಿಯ ಬೆಂಚು, ನೀರು, ಗ್ಲಾಸು ಕೊಡುವುದು ತಪ್ಪೇ ಎಂದು ಕೇಳಿದ್ದೀರಿ. ತಪ್ಪು. ಆ ಅಂಗಡಿಯದು ಸಿಎಲ್-2 ಸನ್ನದು: ಸೀಲು ಒಡೆಯದ ಬಾಟಲಿ ಮಾರಬಹುದು, ಅಲ್ಲೇ ಕೂರಿಸಿ ಕುಡಿಸುವಂತಿಲ್ಲ. ಕೂತು ಕುಡಿಯಲು ಸಿಎಲ್-9 ಪಡೆದ ಬಾರ್ ಅಂಡ್ ರೆಸ್ಟೋರೆಂಟ್‌ನಂಥ ಜಾಗ ಬೇಕು. ನಿಮಗಂತೂ ಯಾವ ಸನ್ನದೂ ಇಲ್ಲ. ಹಾಗಾಗಿ ಕರ್ನಾಟಕ ಅಬಕಾರಿ ಕಾಯ್ದೆ, 1965ರ 15ಎ, 32(3) ಕಲಮುಗಳಡಿ ಕೇಸು ಬೀಳುವುದು ನಿಮ್ಮ ಮೇಲೆಯೇ. ‘ಬಾಟಲಿ ನಾನು ಮಾರಿಲ್ಲ ಸಾರ್’ ಎಂಬ ಮಾತು ಠಾಣೆಯಲ್ಲಿ ನಡೆಯದು. ಆಂಧ್ರದ ಗಡಿ ಬೇರೆ ಹತ್ತಿರ. ಗಡಿ ದಾಟಿಸಲು ಬೈಕಿನವರು ಒಯ್ಯುವ ಮದ್ಯದ ಪೆಟ್ಟಿಗೆಗಳನ್ನು ಅಂಗಡಿಯಲ್ಲಿ ಇಟ್ಟುಕೊಳ್ಳಲೂ ಹೋಗಬೇಡಿ. ಮಿರ್ಚಿ ಪಾರ್ಸೆಲ್ ಕಟ್ಟಿಕೊಡಿ, ಅದಕ್ಕೆ ಅಬಕಾರಿಯವರ ತಕರಾರಿಲ್ಲ. ಬೆಂಚನ್ನು ಇವತ್ತೇ ಒಳಗಿಡಿ.