ನೆಲಕ್ಕಿಟ್ಟ ರೋಬಾಟ್‌ ನಿಂತು ನಿಂತು ಓಡುವುದೇಕೆ?

ಪ್ರಶ್ನೆ: ಆರ್ಡುಯಿನೊ ಊನೊ, ಎರಡು ಹಳದಿ ಗೇರ್‌ ಮೋಟಾರ್‌, 9 ವೋಲ್ಟ್‌ ಬ್ಯಾಟರಿ ಇಟ್ಟು ಗೆರೆ ಹಿಂಬಾಲಿಸುವ ರೋಬಾಟ್‌ ಮಾಡಿದ್ದೇವೆ. ಕೈಯಲ್ಲಿ ಎತ್ತಿ ಹಿಡಿದರೆ ಚಕ್ರ ಚೆನ್ನಾಗಿ ತಿರುಗುತ್ತದೆ. ನೆಲಕ್ಕಿಟ್ಟರೆ ಒಂದು ಗೇಣು ಹೋಗಿ ನಿಲ್ಲುತ್ತದೆ, ಮತ್ತೆ ಹೊರಡುತ್ತದೆ. ಈಗ ಸ್ವಂತ ಬೋರ್ಡ್‌ ವಿನ್ಯಾಸ ಮಾಡಬೇಕೆಂದಿದ್ದೇವೆ. ಪ್ರೋಗ್ರಾಂ ತಪ್ಪೇ?

ಉತ್ತರ: ಪ್ರೋಗ್ರಾಂಗೆ ಕೈ ಹಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. ಸೆಟಪ್‌ ಭಾಗದಲ್ಲಿ ಎಲ್‌ಇಡಿ ಮೂರು ಸಲ ಮಿನುಗುವಂತೆ ಬರೆಯಿರಿ. ರೋಬಾಟ್‌ ನಿಂತಾಗಲೆಲ್ಲ ಅದು ಮತ್ತೆ ಮಿನುಗಿದರೆ ನಿಮ್ಮ ಚಿಪ್‌ ರೀಸೆಟ್‌ ಆಗುತ್ತಿದೆ ಎಂದರ್ಥ.

ಹಳ್ಳಿಯಲ್ಲಿ ಪಂಪ್‌ಸೆಟ್‌ ಚಾಲೂ ಮಾಡಿದ ಕ್ಷಣ ಮನೆಯ ಬಲ್ಬು ಮಂಕಾಗುತ್ತದಲ್ಲ, ಇಲ್ಲೂ ಅದೇ ಆಗುತ್ತಿರುವುದು. ತಿರುಗುತ್ತಿರುವ ಮೋಟಾರ್‌ ತಾನೇ ಎದುರು ವೋಲ್ಟೇಜ್‌ ಹುಟ್ಟಿಸಿ ಕರೆಂಟನ್ನು ತಡೆಯುತ್ತದೆ. ನಿಂತ ಮೋಟಾರಿಗೆ ಆ ತಡೆಯಿಲ್ಲ. ಆಗ ಒಂದೊಂದೂ ಸುಮಾರು 1 ಆಂಪಿಯರ್‌ ಎಳೆಯಬಹುದು. ಗಾಳಿಯಲ್ಲಿರುವ ಚಕ್ರ ಕ್ಷಣದಲ್ಲಿ ವೇಗ ಹಿಡಿಯುವುದರಿಂದ ತೊಂದರೆ ಕಾಣುವುದಿಲ್ಲ; ನೆಲದಲ್ಲಿ ಇಡೀ ಗಾಡಿಯ ತೂಕ ಎಳೆಯಬೇಕು. ಆ ಚಿಕ್ಕ 9 ವೋಲ್ಟ್‌ ಬ್ಯಾಟರಿಯ ಒಳಗಿನ ರೋಧ ಹೊಸದರಲ್ಲೇ 1.5–2 ಓಮ್‌. 2 ಆಂಪಿಯರ್‌ ಹರಿದರೆ 3–4 ವೋಲ್ಟ್‌ ಅಲ್ಲೇ ಕರಗುತ್ತದೆ, ಬ್ಯಾಟರಿ ಹಳತಾದಂತೆ ಇನ್ನೂ ಹೆಚ್ಚು. ಊನೊದ ಎಟಿಮೆಗಾ328ಪಿ ಚಿಪ್‌ಗೆ ಸಿಗುವ ವೋಲ್ಟೇಜ್‌ ಸುಮಾರು 2.7ಕ್ಕಿಂತ ಕೆಳಗಿಳಿದರೆ ಅದು ತಾನಾಗಿ ರೀಸೆಟ್‌ ಆಗುತ್ತದೆ. ಆ ಬ್ಯಾಟರಿ ಬಿಟ್ಟು ಎರಡು 18650 ಸೆಲ್‌ಗಳನ್ನು ಸರಣಿಯಲ್ಲಿ ಹಾಕಿ; ಜೊತೆಗೆ ರಕ್ಷಣಾ ಸರ್ಕ್ಯೂಟ್‌ ಇರಲೇಬೇಕು.

ಇನ್ನು ಬೋರ್ಡ್‌. ಹೆಚ್ಚಿನವರು ಮೈಕ್ರೋಕಂಟ್ರೋಲರನ್ನು ನಡುವೆ ಕೂರಿಸಿ, ಉಳಿದದ್ದನ್ನು ಜಾಗ ಸಿಕ್ಕಲ್ಲಿ ತುರುಕುತ್ತಾರೆ. ನನ್ನ ಮಟ್ಟಿಗೆ ಇದು ತಿರುಗುಮುರುಗು ಕ್ರಮ. ಮೊದಲು ಮೋಟಾರಿನ ಕರೆಂಟು ಬ್ಯಾಟರಿಯಿಂದ ಹೊರಟು ಮರಳಿ ಬ್ಯಾಟರಿ ಸೇರುವ ದಾರಿಯನ್ನು ಎಳೆಯಿರಿ. ಸಾಮಾನ್ಯ ಬೋರ್ಡಿನ ತಾಮ್ರದ ದಪ್ಪ 35 ಮೈಕ್ರಾನ್‌. ಅದರಲ್ಲಿ ಕಾಲು ಮಿಲಿಮೀಟರ್‌ ಅಗಲ, 10 ಸೆಂಟಿಮೀಟರ್‌ ಉದ್ದದ ಗೆರೆಯ ರೋಧ ಸುಮಾರು 0.2 ಓಮ್‌. 2 ಆಂಪಿಯರಿಗೆ 0.4 ವೋಲ್ಟ್‌ ನಷ್ಟ! ಆ ಗೆರೆ ಸೆನ್ಸರಿನ ಗ್ರೌಂಡೂ ಆಗಿದ್ದರೆ, 10 ಬಿಟ್‌ ಅಳತೆಯಲ್ಲಿ ಸುಮಾರು 80 ಅಂಕಗಳ ತಪ್ಪು. ನೆಲದ ಕಪ್ಪು ಗೆರೆ ಬಿಳಿಯಾಗಿ ಕಾಣಬಹುದು. ಹಾಗಾಗಿ ಮೋಟಾರಿನ ಗೆರೆಗಳು ಅಗಲವಾಗಿರಲಿ, ಗಿಡ್ಡಗಿರಲಿ. ಅವುಗಳ ಗ್ರೌಂಡ್‌ ಸೆನ್ಸರಿನ ಗ್ರೌಂಡನ್ನು ಬ್ಯಾಟರಿಯ ಬಳಿಯಷ್ಟೇ ಕೂಡಲಿ.

ಮೋಟಾರ್‌ ನಡೆಸುವ ಡ್ರೈವರ್‌ಗೆ ಎಲ್‌298ಎನ್‌ ಬೇಡ. ಅದು ಹಳೆಯ ಬೈಪೋಲಾರ್‌ ಚಿಪ್‌, 1 ಆಂಪಿಯರಿಗೇ ಸುಮಾರು 2 ವೋಲ್ಟ್‌ ನುಂಗಿ ಬಿಸಿಯಾಗುತ್ತದೆ. ಮಾಸ್‌ಫೆಟ್‌ ಇರುವ ಟಿಬಿ6612ಎಫ್‌ಎನ್‌ಜಿ ಅಷ್ಟೇ ಕರೆಂಟಿಗೆ ಅರ್ಧ ವೋಲ್ಟಿನ ಆಸುಪಾಸಿನಲ್ಲಿ ಮುಗಿಸುತ್ತದೆ. ಅದರ ಪಕ್ಕದಲ್ಲೇ 470 ಮೈಕ್ರೋಫ್ಯಾರಡ್‌ ಕೆಪಾಸಿಟರ್‌, ಮೈಕ್ರೋಕಂಟ್ರೋಲರಿನ ಪ್ರತಿ ವಿದ್ಯುತ್‌ ಪಿನ್ನಿಗೆ ಅಂಟಿಕೊಂಡಂತೆ 0.1 ಮೈಕ್ರೋಫ್ಯಾರಡ್‌ ಸೆರಾಮಿಕ್‌ ಇಡಿ. 5 ವೋಲ್ಟ್‌ ಮತ್ತು ಗ್ರೌಂಡಿಗೆ ಎರಡು ಬರಿಯ ಪ್ಯಾಡ್‌ ಬಿಟ್ಟಿರಿ: ವೋಲ್ಟೇಜಿನ ಕ್ಷಣಮಾತ್ರದ ಕುಸಿತ ಮಲ್ಟಿಮೀಟರಿಗೆ ಸಿಕ್ಕುವುದಿಲ್ಲ, ಕಾಲೇಜಿನ ಆಸಿಲೋಸ್ಕೋಪಿನ ಪ್ರೋಬ್‌ ಅಲ್ಲೇ ಇಟ್ಟು ನೋಡಬೇಕು.