ಹಗ್ಗದ ತುದಿಯ ಗ್ಲೈಡರ್, ಕಾದ ಎಂಜಿನ್: ‘ಕೆಲಸ ಮತ್ತು ಶಕ್ತಿ’ ಘಟಕಕ್ಕೆ ಒಂದು ಪಾಠ

ಕಳೆದ ಅಭ್ಯಾಸ ಬೋಧನೆಯ ಅವಧಿಯಲ್ಲಿ ಶಿರಹಟ್ಟಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಪಾಠ ವೀಕ್ಷಣೆಗೆ ಕುಳಿತಿದ್ದೆ. ಒಂಬತ್ತನೇ ತರಗತಿ, ಘಟಕ ‘ಕೆಲಸ ಮತ್ತು ಶಕ್ತಿ’. ಪ್ರಶಿಕ್ಷಣಾರ್ಥಿಯು ಸಾಮರ್ಥ್ಯದ ಸೂತ್ರವನ್ನು ಕಪ್ಪುಹಲಗೆಯ ಮೇಲೆ ಬರೆದು, “ಗಾಡಿ ಜೋರಾಗಿ ಓಡಿದಷ್ಟೂ ಎಂಜಿನ್ ಹೆಚ್ಚು ಕಾಯುತ್ತದೆ” ಎಂದರು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. “ಇಲ್ರಿ ಸರ್. ಉಳ್ಳಾಗಡ್ಡಿ ಚೀಲ ಹೇರ್ಕೊಂಡು ಗುಡ್ಡ ಏರುವಾಗ ನಮ್ಮಪ್ಪನ ಸೈಕಲ್ ಮೋಟಾರ್ ಸಾವಕಾಶ ಹೋಗ್ತೈತ್ರಿ. ಭಾಳ ಕಾಯೂದು ಆವಾಗನ್ರಿ. ಸಪಾಟ ರಸ್ತೇದಾಗ ಜೋರ್ ಹೋದ್ರ ಅಷ್ಟು ಕಾಯಂಗಿಲ್ರಿ.” “ಅದೆಲ್ಲ ಆಮೇಲೆ, ಮೊದಲು ಬರೆದುಕೋ” ಎಂಬ ಉತ್ತರ ಬಂತು. ಹುಡುಗ ಕುಳಿತುಕೊಂಡ. ಆ ಅವಧಿ ಮುಗಿಯುವವರೆಗೆ ಮತ್ತೆ ಕೈ ಎತ್ತಲಿಲ್ಲ.

ಹುಡುಗ ಹೇಳಿದ್ದು ಸರಿಯಾಗಿತ್ತು. ಹಲಗೆಯ ಮೇಲಿನ ಸೂತ್ರವೂ ಸರಿಯಾಗಿತ್ತು. ತಪ್ಪಿದ್ದು ಇವೆರಡರ ನಡುವಿನ ಒಂದು ಹೆಜ್ಜೆ. ಆ ಹೆಜ್ಜೆಯನ್ನು ಕಲಿಸಲು ಹಿಮ್ಮಾಹಿತಿ ಸಭೆಯ ನಂತರ ನಾವು ಕೂಡಿ ಸಿದ್ಧಪಡಿಸಿದ ಪಾಠ ಇದು.

ತಪ್ಪು ಎಲ್ಲಿತ್ತು?

ಎಂಜಿನ್‌ನಲ್ಲಿ ಉರಿಯುವ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಕೆಲಸವಾಗುತ್ತದೆ. ಉಳಿದದ್ದು ಉಷ್ಣವಾಗಿ ಹೊಗೆ ಕೊಳವೆಯಿಂದಲೂ ಎಂಜಿನ್‌ನ ಮೈಯಿಂದಲೂ ಹೊರಹೋಗಬೇಕು. ಆದ್ದರಿಂದ ತಾಪವು ಹುಟ್ಟುವ ಉಷ್ಣವೊಂದನ್ನೇ ಅವಲಂಬಿಸಿಲ್ಲ. ಹುಟ್ಟುವ ಉಷ್ಣ ಮತ್ತು ಹೊರಹೋಗುವ ಉಷ್ಣ, ಇವುಗಳ ಲೆಕ್ಕದಿಂದ ಅದು ನಿರ್ಧಾರವಾಗುತ್ತದೆ. ನೀರಿನ ತೊಟ್ಟಿಯನ್ನು ನೆನೆಯಿರಿ. ನಳ ಜೋರಾಗಿ ಬಿಟ್ಟಿದ್ದರೂ ತಳದ ತೂತು ದೊಡ್ಡದಿದ್ದರೆ ಮಟ್ಟ ಏರುವುದಿಲ್ಲ. ನಳ ಸಣ್ಣಗೆ ಸುರಿಯುತ್ತಿದ್ದರೂ ತೂತು ಮುಚ್ಚಿದ್ದರೆ ತೊಟ್ಟಿ ತುಂಬುತ್ತದೆ.

ಹೇರು ಹೊತ್ತು ಏರು ಹತ್ತುವ ಮೋಟಾರ್ ಸೈಕಲ್ಲಿನಲ್ಲಿ ನಳ ಪೂರ್ತಿ ತೆರೆದಿದೆ. ಜವ ಕಡಿಮೆಯಾದ್ದರಿಂದ ಎಂಜಿನ್‌ನ ರೆಕ್ಕೆಗಳ ನಡುವೆ ಹಾಯುವ ಗಾಳಿಯೂ ಕಡಿಮೆ. ಹುಡುಗ ಕಂಡದ್ದು ಇದನ್ನೇ. ಇಲ್ಲಿ ಟ್ರ್ಯಾಕ್ಟರಿನ ಉದಾಹರಣೆ ಕೊಡಬೇಡಿ. ಅದರ ಎಂಜಿನ್ ನೀರಿನಿಂದ ತಣಿಯುತ್ತದೆ. ರೇಡಿಯೇಟರಿಗೆ ಗಾಳಿ ಎಳೆಯುವ ಫ್ಯಾನ್ ಎಂಜಿನ್‌ನಿಂದಲೇ ತಿರುಗುತ್ತದೆ. ಟ್ರ್ಯಾಕ್ಟರ್ ನಿಂತಿದ್ದರೂ ಗಾಳಿ ಹಾಯುವುದರಿಂದ ಮಕ್ಕಳಿಗೆ ಗೊಂದಲವಾಗುತ್ತದೆ.

ಗ್ಲೈಡರ್ ಏಕೆ?

ಮೋಟಾರ್ ಸೈಕಲ್ ಪಾಠದ ಅರ್ಧವನ್ನು ಮಾತ್ರ ತೋರಿಸುತ್ತದೆ. ಎರಡೂ ಬದಿಗಳು ಕೆಲವೇ ನಿಮಿಷಗಳಲ್ಲಿ ತಿರುವುಮುರುವಾಗುವ ಉದಾಹರಣೆ ಎಂದರೆ ಗ್ಲೈಡರ್ ಎಳೆಯುವ ವಿಮಾನ.

ಗ್ಲೈಡರಿಗೆ ಎಂಜಿನ್ ಇರುವುದಿಲ್ಲ. ಪುಣೆಯ ಹಡಪ್ಸರದಲ್ಲಿರುವಂತೆ ನೆಲದ ವಿಂಚ್ ಯಂತ್ರದಿಂದ ತಂತಿ ಎಳೆದು ಅದನ್ನು ಏರಿಸಬಹುದು. ಇಲ್ಲವೇ ಸುಮಾರು 60 ಮೀಟರ್ ಹಗ್ಗ ಕಟ್ಟಿ ಒಂದು ಸಣ್ಣ ವಿಮಾನದಿಂದ ಎಳೆಸಬಹುದು. ಇಂಥ ಸಣ್ಣ ವಿಮಾನಗಳಲ್ಲಿ ಹೆಚ್ಚಿನವುಗಳ ಎಂಜಿನ್ ಮೋಟಾರ್ ಸೈಕಲ್ಲಿನಂತೆ ಗಾಳಿಯಿಂದಲೇ ತಣಿಯುತ್ತದೆ. ಬೆಂಗಳೂರಿನ ಎಚ್‌ಎಎಲ್ 1958ರಲ್ಲಿ ಮೊದಲು ಹಾರಿಸಿದ ತರಬೇತಿ ವಿಮಾನ ‘ಪುಷ್ಪಕ್’ ಕೂಡ ಗಾಳಿಯಿಂದ ತಣಿಯುವ 90 ಅಶ್ವಶಕ್ತಿಯ ಎಂಜಿನ್‌ನದೇ.

ಏರುವಾಗ: ಎಳೆಯುವ ವಿಮಾನ ಪೂರ್ಣ ಸಾಮರ್ಥ್ಯದಲ್ಲಿ, ಗಂಟೆಗೆ ಸುಮಾರು 110ರಿಂದ 120 ಕಿ.ಮೀ. ಜವದಲ್ಲಿ ಏರುತ್ತದೆ. ಹೆಚ್ಚು ಉಷ್ಣ, ಕಡಿಮೆ ಗಾಳಿ. ಸಿಲಿಂಡರ್ ಹೆಡ್ಡಿನ ತಾಪ ಏರುತ್ತಾ ಹೋಗುತ್ತದೆ. ಆಗ ಪೈಲಟ್ ಮೂತಿಯನ್ನು ಸ್ವಲ್ಪ ತಗ್ಗಿಸಿ ಜವ ಹೆಚ್ಚಿಸಿಕೊಳ್ಳುತ್ತಾರೆ. ಏರುವುದು ನಿಧಾನವಾದರೂ ತಣಿಸುವ ಗಾಳಿ ಹೆಚ್ಚುತ್ತದೆ. ಆದರೆ ಮನಬಂದಷ್ಟು ಹೆಚ್ಚಿಸುವಂತಿಲ್ಲ. ಪ್ರತಿ ಗ್ಲೈಡರಿಗೂ ಎಳೆಯುವ ಗರಿಷ್ಠ ಜವ ನಿಗದಿಯಾಗಿದೆ. ಅತಿ ನಿಧಾನವಾದರೂ ಅಪಾಯ. ಹಿಂದಿನ ಗ್ಲೈಡರಿನ ರೆಕ್ಕೆಗಳಿಗೆ ಎತ್ತುವ ಬಲ ಸಾಲದೆ ಅದು ಹಿಡಿತ ತಪ್ಪಬಹುದು. ಥ್ರಾಟಲನ್ನು ದಿಢೀರನೆ ಎಳೆದರೆ ಹಗ್ಗ ಸಡಿಲಾಗಿ ಗ್ಲೈಡರ್ ಮುಂದೆ ನುಗ್ಗುತ್ತದೆ. ತಾಪಮಾಪಕ ನೋಡುವ ಪೈಲಟ್ ಹಗ್ಗದ ಇನ್ನೊಂದು ತುದಿಯಲ್ಲಿರುವ ಜೀವವನ್ನೂ ನೆನಪಿಡಬೇಕು.

ಇಳಿಯುವಾಗ: ಸುಮಾರು 600 ಮೀಟರ್ ಎತ್ತರದಲ್ಲಿ ಗ್ಲೈಡರ್ ಹಗ್ಗ ಬಿಡುತ್ತದೆ. ಮುಂದಿನ ಗ್ಲೈಡರ್ ಕಾಯುತ್ತಿದೆ ಎಂದು ಪೈಲಟ್ ಥ್ರಾಟಲ್ ಪೂರ್ತಿ ಮುಚ್ಚಿ ಜೋರಾಗಿ ಕೆಳಗಿಳಿದರೆ ಲೆಕ್ಕ ತಲೆಕೆಳಗಾಗುತ್ತದೆ. ಉಷ್ಣ ಅತಿ ಕಡಿಮೆ, ಗಾಳಿ ಅತಿ ಹೆಚ್ಚು. ಕಾದ ಲೋಹ ಒಮ್ಮೆಲೇ ಕುಗ್ಗಿದರೆ ಸಿಲಿಂಡರ್ ಬಿರುಕು ಬಿಡಬಹುದು, ಕವಾಟ ಸಿಕ್ಕಿಕೊಳ್ಳಬಹುದು. ಅದಕ್ಕೇ ಎಂಜಿನ್ ತಯಾರಕರಾದ ಲೈಕಮಿಂಗ್ ಕಂಪನಿಯವರು ತಾಪವನ್ನು ನಿಮಿಷಕ್ಕೆ 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಬೇಗ ಇಳಿಸಬೇಡಿ ಎನ್ನುತ್ತಾರೆ. ಸಾಮರ್ಥ್ಯವನ್ನು ಹಂತಹಂತವಾಗಿ ತಗ್ಗಿಸಿ, ಜವವನ್ನು ಮಿತವಾಗಿಟ್ಟು ಇಳಿಯುವುದೇ ಸರಿಯಾದ ಕ್ರಮ.

ಪಾಠದ ಹಂತಗಳು

1. ತೊಡಗಿಸಿಕೊಳ್ಳುವಿಕೆ: “ನಿಮ್ಮ ಮನೆಯ ಗಾಡಿ ಯಾವಾಗ ಹೆಚ್ಚು ಕಾಯುತ್ತದೆ?” ಎಂದು ಕೇಳಿ. ಬಂದ ಉತ್ತರಗಳನ್ನೆಲ್ಲ ಮಕ್ಕಳ ಮಾತಿನಲ್ಲೇ ಹಲಗೆಯ ಮೇಲೆ ಬರೆಯಿರಿ. ಸರಿ ತಪ್ಪು ಹೇಳಬೇಡಿ.

2. ಅನ್ವೇಷಣೆ: ಒಂದೇ ಅಳತೆಯ ಎರಡು ಸ್ಟೀಲ್ ಲೋಟಗಳಲ್ಲಿ ಸಮನಾಗಿ ಬಿಸಿನೀರು ಹಾಕಿ. ಒಂದನ್ನು ಫ್ಯಾನಿನ ಎದುರಿಗೆ, ಇನ್ನೊಂದನ್ನು ಗಾಳಿಯಿಲ್ಲದ ಕಡೆ ಇಡಿ. ಎರಡು ನಿಮಿಷಕ್ಕೊಮ್ಮೆ ತಾಪ ಗುರುತಿಸಿ ನಕ್ಷೆ ಬರೆಸಿ. ಎರಡೂ ಲೋಟಗಳ ಬಾಯಿ ಮುಚ್ಚಿರಲಿ. ಇಲ್ಲದಿದ್ದರೆ ಆವಿಯಾಗುವಿಕೆಯೂ ಸೇರಿ ಹೋಲಿಕೆ ಕೆಡುತ್ತದೆ. ಬಿಸಿನೀರನ್ನು ಶಿಕ್ಷಕರೇ ಸುರಿಯಬೇಕು.

3. ವಿವರಣೆ: ತೊಟ್ಟಿಯ ಚಿತ್ರ ಬರೆದು ನಳಕ್ಕೆ ‘ಹುಟ್ಟುವ ಉಷ್ಣ’, ತೂತಿಗೆ ‘ಹೊರಹೋಗುವ ಉಷ್ಣ’, ಮಟ್ಟಕ್ಕೆ ‘ತಾಪ’ ಎಂದು ಹೆಸರಿಸಿ. ಮೊದಲ ಹಂತದ ಪ್ರತಿ ಉತ್ತರವನ್ನೂ ಈ ಚಿತ್ರದಲ್ಲಿ ಕೂರಿಸಲು ಮಕ್ಕಳಿಗೇ ಹೇಳಿ. ಕಪ್ಪತಗುಡ್ಡದ ಗಾಳಿಯಂತ್ರಗಳ ನೆನಪು ಮಾಡಿ: ಕಂಬ ನಿಂತಲ್ಲೇ ಇದೆ, ಬರುವುದು ಗಾಳಿ. ನಿಂತ ಗಾಡಿಯೂ ಎದುರುಗಾಳಿಗೆ ತಣಿಯುತ್ತದೆ. ಆದ್ದರಿಂದ ಲೆಕ್ಕಕ್ಕೆ ಬರುವುದು ನೆಲದ ಮೇಲಿನ ಜವವಲ್ಲ, ಗಾಳಿಗೆ ಹೋಲಿಸಿದ ಜವ.

4. ವಿಸ್ತರಣೆ: ಈಗ ಗ್ಲೈಡರಿನ ಕಥೆ ಹೇಳಿ ಲೆಕ್ಕ ಕೊಡಿ. 500 ಕೆ.ಜಿ. ಗ್ಲೈಡರನ್ನು 5 ನಿಮಿಷದಲ್ಲಿ 600 ಮೀಟರ್ ಏರಿಸಬೇಕು. ಗುರುತ್ವ ವೇಗೋತ್ಕರ್ಷ 10 ಎಂದಿಟ್ಟುಕೊಂಡರೆ ಕೆಲಸ 500 × 10 × 600, ಅಂದರೆ 30 ಲಕ್ಷ ಜೂಲ್. 300 ಸೆಕೆಂಡಿನಿಂದ ಭಾಗಿಸಿದರೆ ಸಾಮರ್ಥ್ಯ 10 ಕಿಲೋವ್ಯಾಟ್. ಎಳೆಯುವ ವಿಮಾನ 700 ಕೆ.ಜಿ. ಇದ್ದರೆ ಅದಕ್ಕೆ ಇನ್ನೂ 14 ಕಿಲೋವ್ಯಾಟ್ ಬೇಕು. ಒಟ್ಟು 24 ಕಿಲೋವ್ಯಾಟ್, ಸುಮಾರು 32 ಅಶ್ವಶಕ್ತಿ. ಇದು ಮೇಲೇರಲು ಮಾತ್ರ. ಗಾಳಿಯ ತಡೆ ಮತ್ತು ಪ್ರೊಪೆಲ್ಲರಿನ ನಷ್ಟ ಬೇರೆ. ಗ್ಲೈಡರ್ ಕಳಚಿದ ಮೇಲೆ ಯಾವ ಅಂಕಿ ಬಿದ್ದುಹೋಗುತ್ತದೆ ಎಂದು ಕೇಳಿ.

5. ಮೌಲ್ಯಮಾಪನ: ಸಂತೆಯ ದಟ್ಟಣೆಯಲ್ಲಿ ಚಾಲೂ ಇಟ್ಟು ನಿಲ್ಲಿಸಿದ ಗಾಡಿ ಕೆಲಸ ಮಾಡದಿದ್ದರೂ ಏಕೆ ಕಾಯುತ್ತದೆ? ಏರುವಾಗ ಥ್ರಾಟಲ್ ಮುಟ್ಟದೆ ಮೂತಿ ತಗ್ಗಿಸಿದರೆ ತೊಟ್ಟಿಯ ಚಿತ್ರದಲ್ಲಿ ಬದಲಾಗುವುದು ನಳವೋ, ತೂತೋ? ಗ್ಲೈಡರ್ ಬಿಟ್ಟ ಪೈಲಟ್ ಅವಸರ ಏಕೆ ಮಾಡಬಾರದು?

ಪ್ರಶಿಕ್ಷಣಾರ್ಥಿಗಳು ಎಡವುವ ಎರಡು ಕಡೆ

ಮೊದಲನೆಯದು ಮಾನ ಪರಿವರ್ತನೆ. 50 ಡಿಗ್ರಿ ಫ್ಯಾರನ್‌ಹೀಟ್ ತಾಪವೆಂದರೆ 10 ಡಿಗ್ರಿ ಸೆಲ್ಸಿಯಸ್. ಆದರೆ ತಾಪವು 50 ಫ್ಯಾರನ್‌ಹೀಟ್ ಡಿಗ್ರಿಗಳಷ್ಟು ಇಳಿಯಿತು ಎಂದರೆ ಸುಮಾರು 28 ಸೆಲ್ಸಿಯಸ್ ಡಿಗ್ರಿಗಳ ಇಳಿಕೆ. ವ್ಯತ್ಯಾಸವನ್ನು ಪರಿವರ್ತಿಸುವಾಗ 32 ಕಳೆಯಬಾರದು, 5/9ರಿಂದ ಗುಣಿಸಿದರೆ ಸಾಕು. ಎರಡನೆಯದು ಉಷ್ಣ ಮತ್ತು ತಾಪ ಎಂಬ ಪದಗಳನ್ನು ಅದಲುಬದಲು ಮಾಡುವುದು. ತೊಟ್ಟಿಯ ಚಿತ್ರದಲ್ಲಿ ಹರಿಯುವುದು ಉಷ್ಣ, ಮಟ್ಟ ತಾಪ. ಮಾತಿನಲ್ಲೂ ಹಾಗೇ ಇರಲಿ.

ಮುಂದಿನ ವಾರ ಅದೇ ಪ್ರಶಿಕ್ಷಣಾರ್ಥಿ ಅದೇ ತರಗತಿಗೆ ಹೋಗಿ, “ಹೋದ ಸಲ ನೀನು ಹೇಳಿದ್ದು ಸರಿ ಇತ್ತಪ್ಪ, ನಾನು ಕೇಳಿಸಿಕೊಳ್ಳಲಿಲ್ಲ. ಬಾ, ತೊಟ್ಟಿಯ ಚಿತ್ರ ನೀನೇ ಬರೆ” ಎಂದರು. ಹುಡುಗ ಬಂದು ಬರೆದ. ತೂತನ್ನು ಬಹಳ ಸಣ್ಣದಾಗಿ ಬರೆದು, “ಇದು ಗುಡ್ಡ ಏರುವಾಗಿಂದ್ರಿ” ಎಂದ.

ಪಾಠ ಯೋಜನೆಯ ಹಾಳೆಯಲ್ಲಿ ‘ಶಿಕ್ಷಕರ ಚಟುವಟಿಕೆ’, ‘ವಿದ್ಯಾರ್ಥಿಗಳ ಚಟುವಟಿಕೆ’ ಎಂಬ ಅಂಕಣಗಳಿವೆ. ಇನ್ನೊಂದು ಅಂಕಣ ಎಳೆದು ‘ಮಕ್ಕಳು ಹೇಳಿದ್ದು’ ಎಂದು ಬರೆಯಿರಿ. ತರಗತಿಗೆ ಹೋಗುವಾಗ ಅದು ಖಾಲಿ ಇರಲಿ. ಬರುವಾಗಲೂ ಖಾಲಿ ಇದ್ದರೆ ಆ ಪಾಠವನ್ನು ಮತ್ತೊಮ್ಮೆ ಯೋಜಿಸಿ.