30031 ಅವಿಭಾಜ್ಯವೇ? ಹತ್ತನೇ ತರಗತಿಯ ಎರಡು ಅವಧಿಗಳು

ಅಭ್ಯಾಸ ಬೋಧನೆಯ ನನ್ನ ಐದನೇ ಪಾಠ ‘ವಾಸ್ತವ ಸಂಖ್ಯೆಗಳು’ ಘಟಕದ್ದು. ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯಿಲ್ಲ ಎಂಬ ಯೂಕ್ಲಿಡ್‌ನ ವಾದವನ್ನು ಪೂರಕ ಚಟುವಟಿಕೆಯಾಗಿ ಪಾಠಯೋಜನೆಗೆ ಸೇರಿಸಿಕೊಂಡಿದ್ದೆ.

ಮೊದಲ ಕೆಲವು ಅವಿಭಾಜ್ಯಗಳನ್ನು ಗುಣಿಸಿ 1 ಕೂಡಿಸುವುದು ಚಟುವಟಿಕೆ. 2+1=3, 2×3+1=7, 2×3×5+1=31. ಮುಂದಿನವು 211, 2311. ಐದೂ ಅವಿಭಾಜ್ಯಗಳು. ಆರನೆಯದು 2×3×5×7×11×13+1=30031. ‘ಇದೂ ಅವಿಭಾಜ್ಯವೇ’ ಎಂದು ಕರಿಹಲಗೆಯ ಮೇಲೆ ಅಡಿಗೆರೆ ಎಳೆದೆ. ಹಿಂದಿನ ರಾತ್ರಿ ಚಾರ್ಟಿಗೆ ಬಣ್ಣ ಹಚ್ಚಲು ಒಂದು ಗಂಟೆ ಕೊಟ್ಟಿದ್ದೆ. ಈ ಸಂಖ್ಯೆಯನ್ನು ಭಾಗಿಸಿ ನೋಡಲು ಐದು ನಿಮಿಷ ಕೊಟ್ಟಿರಲಿಲ್ಲ.

“ಮಿಸ್, 59ರಿಂದ ಭಾಗ ಹೋಗುತ್ತೆ” ಎಂದಳು ಕೊನೆಯ ಬೆಂಚಿನ ಹುಡುಗಿ. “ಎಲ್ಲೋ ತಪ್ಪಿರಬೇಕು, ಇನ್ನೊಮ್ಮೆ ಮಾಡು” ಎಂದುಬಿಟ್ಟೆ. ಅವಳು ಕುಳಿತಳು. ಗಂಟೆ ಹೊಡೆದ ಮೇಲೆ ಅವಳ ಪುಸ್ತಕ ನೋಡಿದೆ: 59×509=30031. ಮಾರ್ಗದರ್ಶಕರು ಅವಲೋಕನ ಪುಸ್ತಕದಲ್ಲಿ ಉತ್ತರ ತಪ್ಪಿದ್ದರ ಬಗ್ಗೆ ಒಂದು ಸಾಲು, ಪುಸ್ತಕ ನೋಡದೆ ಮಗುವನ್ನು ಕೂರಿಸಿದ್ದರ ಬಗ್ಗೆ ನಾಲ್ಕು ಸಾಲು ಬರೆದಿದ್ದರು.

ಮರುದಿನ ಅದೇ ಸಂಖ್ಯೆಯನ್ನು ಮತ್ತೆ ಬರೆದೆ. ತಪ್ಪು ನನ್ನದು, ಲೆಕ್ಕ ಸರಿ ಮಾಡಿದವಳು ಅವಳು ಎಂದು ತರಗತಿಯ ಮುಂದೆ ಹೇಳಿ, ಅವಳಿಂದಲೇ ಭಾಗಾಕಾರ ಮಾಡಿಸಿದೆ. ಆಮೇಲೆ ಕೇಳಿದೆ: ನಾನು ಎಡವಿದ್ದೆಲ್ಲಿ? 2, 3, 5, 7, 11, 13 ಯಾವುದರಿಂದ ಭಾಗಿಸಿದರೂ ಶೇಷ 1 ಉಳಿಯುತ್ತದೆ. ಅದರಿಂದ ತಿಳಿಯುವುದು ಈ ಆರು ಅಪವರ್ತನಗಳಲ್ಲ ಎಂದಷ್ಟೇ. ಬೇರೆ ಅವಿಭಾಜ್ಯದಿಂದಲೂ ಭಾಗ ಹೋಗದು ಎಂದು ನಾನೇ ಸೇರಿಸಿಕೊಂಡಿದ್ದೆ. ಯೂಕ್ಲಿಡ್‌ನ ವಾದಕ್ಕೆ ಅದು ಬೇಕಾಗಿಯೂ ಇಲ್ಲ. ಬಂದ ಸಂಖ್ಯೆ ಅವಿಭಾಜ್ಯವಾದರೆ ಅದೇ ಹೊಸದು; ಅಲ್ಲವಾದರೆ ಅದರ ಅಪವರ್ತನಗಳು, ಇಲ್ಲಿ 59 ಮತ್ತು 509, ಪಟ್ಟಿಯ ಹೊರಗಿನವು.

ಎಲ್ಲಿಯವರೆಗೆ ಪರೀಕ್ಷಿಸಬೇಕು? 30031ರ ವರ್ಗಮೂಲ ಸುಮಾರು 173.3. ಅಲ್ಲಿಯವರೆಗೆ 40 ಅವಿಭಾಜ್ಯಗಳಿವೆ. 17ರಿಂದ ಮುಂದಿನವನ್ನು ಬೆಂಚಿಗೊಂದರಂತೆ ಹಂಚಿದೆ. 59ಕ್ಕೆ ಮೊದಲು ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗಲಿಲ್ಲ.

ಬಳಿಕ ವರ್ಗೀಕರಣ. ಬೆಸ, ಸಂಯುಕ್ತ, ಎರಡೇ ಅವಿಭಾಜ್ಯಗಳ ಗುಣಲಬ್ಧ, 1ಕ್ಕಿಂತ ದೊಡ್ಡ ಯಾವ ವರ್ಗಸಂಖ್ಯೆಯಿಂದಲೂ ಭಾಗ ಹೋಗದು. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ 1+59+509=569, ಹಾಗಾಗಿ ಪರಿಪೂರ್ಣ ಸಂಖ್ಯೆಯ ಹತ್ತಿರಕ್ಕೂ ಬಾರದು.

509 ಅವಿಭಾಜ್ಯವೆಂದು ಹೇಗೆ ನಂಬುವುದು ಎಂದು ಒಬ್ಬ ಕೇಳಿದ. 23ರ ವರ್ಗ 529 ಆದ್ದರಿಂದ 19ರವರೆಗೆ ಭಾಗಿಸಿ ನೋಡೋಣ ಎಂದು ಸೀಮೆಸುಣ್ಣ ಎತ್ತಿಕೊಂಡೆ. ಕೊನೆಯ ಬೆಂಚಿನಿಂದ ಅದೇ ದನಿ: “ಬೇಡ ಮಿಸ್. 509ನ್ನು ಭಾಗಿಸುವುದು 30031ನ್ನೂ ಭಾಗಿಸಬೇಕಲ್ಲ. ಅವನ್ನೆಲ್ಲ ಆಗಲೇ ನೋಡಿ ಆಯ್ತು.”

ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟೆ.